ಹಗಲಿನ ಧಾರಾವಾಹಿಯ ಭವಿಷ್ಯ: ಮುಗಿಯದ ಕಥನದ ಒಂದು ವಿವೇಚನೆ

‘ಸೋಪ್ ಒಪೆರಾ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಅಮೆರಿಕದ ಹಗಲಿನ ಧಾರಾವಾಹಿ ಅವಸಾನದ ಅಂಚಿನಲ್ಲಿದೆ ಎಂಬ ಮಾತು ಮೂರು ದಶಕಗಳಿಂದ ಕೇಳಿಬರುತ್ತಿದೆ. ಈ ಮಾತು ನಿರಾಧಾರವಾದುದೇನಲ್ಲ. ಆದರೆ ಇದನ್ನು ಆಡುವವರು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೆಂದೇ ಭಾವಿಸುತ್ತಾರೆ: ಪ್ರಸಾರದ ವೇಳೆ, ಪೋಷಕನ ಹಣ ಮತ್ತು ಕಥನದ ಆಕೃತಿ. ಇವುಗಳಲ್ಲಿ ಯಾವುದು ಅಳಿಯುತ್ತಿದೆ, ಯಾವುದು ನೆಲೆ ಬದಲಿಸುತ್ತಿದೆ ಎಂಬುದನ್ನು ಬಿಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಕಾರ ಹುಟ್ಟಿದ್ದು ರೇಡಿಯೋದಲ್ಲಿ. 1930ರಲ್ಲಿ ಷಿಕಾಗೋದ ಕೇಂದ್ರವೊಂದಕ್ಕಾಗಿ ಅರ್ನಾ ಫಿಲಿಪ್ಸ್ ‘ಪೇಂಟೆಡ್ ಡ್ರೀಮ್ಸ್’ ಬರೆದಳು. ಅವಳದೇ ಸೃಷ್ಟಿಯಾದ ‘ಗೈಡಿಂಗ್ ಲೈಟ್’ 1937ರಲ್ಲಿ ರೇಡಿಯೋದಲ್ಲಿ ಮೊದಲಾಗಿ, 1952ರಲ್ಲಿ ದೂರದರ್ಶನಕ್ಕೆ ಬಂದು, 2009ರಲ್ಲಿ ನಿಂತಿತು. ಎಪ್ಪತ್ತೆರಡು ವರ್ಷಗಳ ಕಥನ ಅದು. ಗೃಹಿಣಿಯರನ್ನು ತಲುಪಲು ಬಯಸಿದ ಸಾಬೂನು ತಯಾರಕರು ಇದರ ಪೋಷಕರಾದರು. ಕಥೆ ಮುಗಿದರೆ ಗಿರಾಕಿ ಕೈತಪ್ಪುತ್ತಾಳೆ. ಆದ್ದರಿಂದ ಕಥೆ ಮುಗಿಯಕೂಡದು. ವ್ಯಾಪಾರದ ಈ ಒತ್ತಾಯವೇ ಅಂತ್ಯವಿಲ್ಲದ ಕಥನವೆಂಬ ಹೊಸ ಆಕೃತಿಯನ್ನು ನಿರ್ಮಿಸಿತು. ಆದರೆ ಮೂಲವು ವ್ಯಾಪಾರವೆಂದ ಮಾತ್ರಕ್ಕೆ ಫಲವೂ ಕೇವಲ ವ್ಯಾಪಾರವೆನ್ನುವುದು ಸರಿಯಲ್ಲ. ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದನೆಂಬ ಕಾರಣಕ್ಕೆ ಪಂಪನ ‘ವಿಕ್ರಮಾರ್ಜುನ ವಿಜಯ’ವನ್ನು ಆಸ್ಥಾನದ ಹೊಗಳಿಕೆಯೆಂದು ನಾವು ಬದಿಗಿಡುವುದಿಲ್ಲವಷ್ಟೆ.

ಈ ಆಕೃತಿಯನ್ನು ಗಂಭೀರವಾಗಿ ಪರಿಶೀಲಿಸಿದವರಲ್ಲಿ ಟಾನ್ಯಾ ಮೊಡ್ಲೆಸ್ಕಿ (1982) ಮತ್ತು ರಾಬರ್ಟ್ ಸಿ. ಆಲನ್ (1985) ಮುಖ್ಯರು. ಕೆಲಸದ ನಡುನಡುವೆ ಕಡಿಯುತ್ತ, ಮತ್ತೆ ಕೂಡಿಕೊಳ್ಳುತ್ತ ಸಾಗುವ ಗೃಹಿಣಿಯ ದಿನದ ಲಯಕ್ಕೂ ಧಾರಾವಾಹಿಯ ಲಯಕ್ಕೂ ಇರುವ ಸಂಬಂಧವನ್ನು ಮೊಡ್ಲೆಸ್ಕಿ ಗುರುತಿಸಿದರು. ಒಂದೇ ಸುದ್ದಿಯನ್ನು ಒಂದು ಪಾತ್ರ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಹೇಳುವ ಪುನರುಕ್ತಿ ಅಸಾಮರ್ಥ್ಯದ ಗುರುತಲ್ಲ, ಪಾತ್ರಗಳ ಸಂಬಂಧಜಾಲವನ್ನೇ ಕಥಾವಸ್ತುವಾಗಿಸುವ ವಿಧಾನ ಎಂಬುದನ್ನು ಆಲನ್ ತೋರಿಸಿದರು. ನಮ್ಮ ಅಲಂಕಾರಶಾಸ್ತ್ರ ಪುನರುಕ್ತಿಯನ್ನು ದೋಷಗಳ ಸಾಲಿನಲ್ಲಿ ಇರಿಸಿತು. ಆದರೆ ದಿನಕ್ಕಿಷ್ಟೆಂದು ಕೇಳಿಸಿಕೊಳ್ಳುವ ಪುರಾಣಶ್ರವಣದಲ್ಲಿ ಅದೇ ಪುನರುಕ್ತಿ ನಿನ್ನೆಯ ಕಥೆಯನ್ನು ಇಂದಿನದಕ್ಕೆ ಹೊಲಿಯುವ ದಾರ. ಓದುವ ಕಾವ್ಯದ ಅಳತೆಗೋಲು ಕೇಳುವ ಕಥನಕ್ಕೆ ಹೊಂದುವುದಿಲ್ಲ; ಹಗಲಿನ ಧಾರಾವಾಹಿಯ ಬಗೆಗಿನ ತಿರಸ್ಕಾರದ ಬೇರು ಬಹುಮಟ್ಟಿಗೆ ಈ ಅಳತೆಯ ತಪ್ಪಿನಲ್ಲಿದೆ.

ಇನ್ನು ಇಳಿಗಾಲದ ವಿಚಾರ. 1981ರ ನವೆಂಬರಿನಲ್ಲಿ ‘ಜನರಲ್ ಹಾಸ್ಪಿಟಲ್’ನ ಲೂಕ್ ಮತ್ತು ಲಾರಾ ಎಂಬ ಪಾತ್ರಗಳ ವಿವಾಹವನ್ನು ಸುಮಾರು 3 ಕೋಟಿ ಜನ ನೋಡಿದರೆಂದು ಅಂದಾಜು. ಅನಂತರ ಹಗಲು ಮನೆಯಲ್ಲಿರುವ ಸ್ತ್ರೀಯರ ಸಂಖ್ಯೆ ತಗ್ಗಿತು. ಕೇಬಲ್ ವಾಹಿನಿಗಳು ಹೆಚ್ಚಿದವು. 1995ರಲ್ಲಿ ಓ.ಜೆ. ಸಿಂಪ್ಸನ್ ವಿಚಾರಣೆಯ ನೇರಪ್ರಸಾರ ತಿಂಗಳುಗಟ್ಟಲೆ ಕಂತುಗಳನ್ನು ನುಂಗಿತು. ಅಭ್ಯಾಸ ತಪ್ಪಿದ ಪ್ರೇಕ್ಷಕರಲ್ಲಿ ಹಲವರು ಮರಳಲಿಲ್ಲ. ಹರಟೆ ಮತ್ತು ಪಂದ್ಯದ ಕಾರ್ಯಕ್ರಮಗಳಿಗೆ ತಗಲುವ ವೆಚ್ಚ ಕಡಿಮೆ. ‘ಗೈಡಿಂಗ್ ಲೈಟ್’ನ ಹಿಂದೆಯೇ 2010ರಲ್ಲಿ ‘ಆ್ಯಸ್ ದ ವರ್ಲ್ಡ್ ಟರ್ನ್ಸ್’, 2011ರಲ್ಲಿ ‘ಆಲ್ ಮೈ ಚಿಲ್ಡ್ರನ್’, 2012ರಲ್ಲಿ ‘ಒನ್ ಲೈಫ್ ಟು ಲಿವ್’ ನಿಂತವು.

ಇಷ್ಟಕ್ಕೇ ಚರಮಗೀತೆ ಹಾಡಿದವರು ಮುಂದಿನದನ್ನು ಗಮನಿಸಬೇಕು. ‘ಆ್ಯಸ್ ದ ವರ್ಲ್ಡ್ ಟರ್ನ್ಸ್’ ತೆರವು ಮಾಡಿದ ವೇಳೆಯಲ್ಲಿ ಸಿಬಿಎಸ್ ಸಂಸ್ಥೆ ‘ದ ಟಾಕ್’ ಎಂಬ ಹರಟೆಯನ್ನು ಕೂರಿಸಿತ್ತು. ಅದು 2024ರ ಡಿಸೆಂಬರಿನಲ್ಲಿ ಮುಗಿದು, 2025ರ ಫೆಬ್ರವರಿ 24ರಂದು ಮಿಷೆಲ್ ವ್ಯಾಲ್ ಜೀನ್ ಸೃಷ್ಟಿಸಿದ ‘ಬಿಯಾಂಡ್ ದ ಗೇಟ್ಸ್’ ಆರಂಭವಾಯಿತು. ಆಫ್ರಿಕನ್ ಅಮೆರಿಕನ್ ಸಿರಿವಂತ ಕುಟುಂಬವೊಂದು ಇದರ ಕೇಂದ್ರ. ಅಲ್ಲಿನ ಪ್ರಮುಖ ಪ್ರಸಾರ ಜಾಲಗಳಲ್ಲಿ 1999ರ ‘ಪ್ಯಾಷನ್ಸ್’ ನಂತರ ಬಂದ ಮೊದಲ ಹೊಸ ಹಗಲಿನ ಧಾರಾವಾಹಿಯಿದು. ಹಿಂದಿನ ಧಾರಾವಾಹಿಯನ್ನು ನಿರ್ಮಿಸಿದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಇದರಲ್ಲಿಯೂ ಪಾಲುದಾರ. ವೇಳೆಯೂ ಅದೇ, ಸಾಬೂನೂ ಅದೇ; ಬದಲಾದುದು ಯಾರ ಮನೆಯ ಕಥೆ ಎಂಬುದು. ಬದುಕಲು ಬಯಸುವ ಪ್ರಕಾರವು ತಾನು ಹೊರಗಿಟ್ಟಿದ್ದವರನ್ನು ಒಳಗೆ ಕರೆಯಲೇಬೇಕಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಅಂತರ್ಜಾಲಕ್ಕೆ ವಲಸೆ ಹೋದರೆ ಉಳಿವು ಖಚಿತವೆಂಬ ನಂಬಿಕೆಯೂ ಪರಿಶೀಲನೆಗೆ ಅರ್ಹ. ರದ್ದಾದ ಎರಡು ಧಾರಾವಾಹಿಗಳನ್ನು 2013ರಲ್ಲಿ ಅಂತರ್ಜಾಲದಲ್ಲಿ ಪುನರಾರಂಭಿಸಿದ ಯತ್ನ ಅದೇ ವರ್ಷ ಮುಗಿಯಿತು. ‘ಡೇಸ್ ಆಫ್ ಅವರ್ ಲೈವ್ಸ್’ ಮಾತ್ರ 2022ರಲ್ಲಿ ಪೀಕಾಕ್ ಎಂಬ ಜಾಲವೇದಿಕೆಗೆ ಹೋಗಿ ನೆಲೆಯೂರಿತು. ಇಲ್ಲಿ ಬೇಕಾದಾಗ ನೋಡುವ ಸೌಕರ್ಯವುಂಟು. ಆದರೆ ‘ಹಗಲು’ ಎಂಬ ವಿಶೇಷಣ ಅರ್ಥ ಕಳೆದುಕೊಳ್ಳುತ್ತದೆ. ಎಲ್ಲರೂ ಒಂದೇ ವೇಳೆಗೆ ಕಾಯುವ, ಮರುದಿನ ನೆರೆಯವರೊಡನೆ ಚರ್ಚಿಸುವ ಕ್ರಮ ಸಡಿಲವಾಗುತ್ತದೆ.

ಈ ಲೇಖಕನ ದೃಷ್ಟಿಯಲ್ಲಿ ನಿಜವಾಗಿ ಅಪಾಯದಲ್ಲಿರುವುದು ವೇಳೆಯಲ್ಲ, ಕಥಾಕಾಲವೂ ಪ್ರೇಕ್ಷಕನ ಆಯುಷ್ಯವೂ ಜೊತೆಯಾಗಿ ಸಾಗುವ ಗುಣ. ಹೆಲೆನ್ ವ್ಯಾಗ್ನರ್ ‘ಆ್ಯಸ್ ದ ವರ್ಲ್ಡ್ ಟರ್ನ್ಸ್’ನ ಮೊದಲ ಕಂತಿನಲ್ಲಿ, 1956ರಲ್ಲಿ, ನ್ಯಾನ್ಸಿಯ ಪಾತ್ರ ವಹಿಸಿದರು. ಅಲ್ಪ ವಿರಾಮಗಳನ್ನು ಬಿಟ್ಟರೆ 2010ರ ಮೇ ತಿಂಗಳಲ್ಲಿ ನಿಧನರಾಗುವವರೆಗೆ ಅದೇ ಪಾತ್ರದಲ್ಲಿದ್ದರು. ಕೆಲವೇ ತಿಂಗಳಲ್ಲಿ ಧಾರಾವಾಹಿಯೂ ಮುಗಿಯಿತು. ನೋಡುವವಳು ಸೊಸೆಯಿಂದ ಅಜ್ಜಿಯಾಗುವಷ್ಟರಲ್ಲಿ ತೆರೆಯ ಮೇಲಿನವಳೂ ಮುಪ್ಪಾಗಿದ್ದಳು. ಎಂಟೋ ಹತ್ತೋ ಕಂತುಗಳ ಸರಣಿ ಎಷ್ಟೇ ಕುಶಲವಾಗಿದ್ದರೂ ಇದನ್ನು ನೀಡಲಾರದು.

ನಮಗೆ ಇದರಿಂದ ದೊರೆಯುವ ಪಾಠವೊಂದಿದೆ. ಅಮೆರಿಕದಲ್ಲಿ ಆರಂಭದ ದಶಕಗಳ ಕಂತುಗಳಲ್ಲಿ ಬಹುಪಾಲು ನೇರಪ್ರಸಾರದಲ್ಲೇ ಕಳೆದವು, ಇಲ್ಲವೇ ಟೇಪನ್ನು ಅಳಿಸಿ ಮರುಬಳಸಿದ್ದರಿಂದ ನಷ್ಟವಾದವು. ಕ್ಷುಲ್ಲಕವೆಂದು ಬಗೆದುದನ್ನು ಯಾರೂ ಕಾಯಲಿಲ್ಲ. ನಮ್ಮಲ್ಲಿ 1994ರ ‘ಶಾಂತಿ’ ದೂರದರ್ಶನದ ಮಧ್ಯಾಹ್ನವನ್ನು ದೈನಿಕ ಕಥನಕ್ಕೆ ತೆರೆಯಿತು. 1998ರ ‘ಮಾಯಾಮೃಗ’ ಕನ್ನಡ ದೈನಿಕ ಧಾರಾವಾಹಿಗೆ ಗೌರವ ತಂದಿತು. ಉಪಗ್ರಹ ಪ್ರಸಾರ ಬಂದ ಮೇಲೆ ಮುಂಬಯಿ, ಪುಣೆ, ದೆಹಲಿಗಳ ಕನ್ನಡ ಮನೆಗಳಿಗೆ ದಿನನಿತ್ಯ ಕಿವಿಗೆ ಬೀಳುವ ಕನ್ನಡದಲ್ಲಿ ಧಾರಾವಾಹಿಯ ಪಾಲು ಸಣ್ಣದಲ್ಲ. ಹೊರನಾಡಿನಲ್ಲಿ ಭಾಷೆಯ ಉಳಿವನ್ನು ಅಭ್ಯಸಿಸುವವರು ಸಂಘಗಳ ವರದಿಗಳ ಜೊತೆಗೆ ಇದನ್ನೂ ಆಕರವೆಂದು ಪರಿಗಣಿಸಬೇಕು. ಒಂದು ಓಲೆಗರಿ ಹುಳು ತಿಂದರೆ ಇನ್ನೊಂದು ಮಠದಲ್ಲಿ ಅದರ ಪ್ರತಿ ದೊರೆತೀತು. ಅಳಿಸಿದ ಕಂತಿಗೆ ಪಾಠಾಂತರವಿಲ್ಲ. ಹಗಲಿನ ಧಾರಾವಾಹಿಯ ಭವಿಷ್ಯವನ್ನು ವಾಹಿನಿಗಳು ನಿರ್ಧರಿಸಲಿ. ಅದರ ಭೂತವನ್ನು ಕಾಯುವ ಹೊಣೆಯಾದರೂ ಸಂಶೋಧಕರದು.