ಪಕ್ಕವಾದ್ಯ ನಡುವೆ ಬಂದು ಕೂತಾಗ

ರಾಕ್ ಸಂಗೀತದಲ್ಲಿ ಗಿಟಾರ್ ವಾದಕ ಎಷ್ಟೇ ದೊಡ್ಡವನಾಗಿರಲಿ, ಅವನ ಸರದಿ ಬರುವುದು ಹಾಡುಗಾರ ಉಸಿರು ತೆಗೆದುಕೊಳ್ಳುವಾಗ. ಎರಡು ಚರಣಗಳ ನಡುವೆ ಅರ್ಧ ನಿಮಿಷ, ಬ್ಯಾಂಡಿನವರು ಧಾರಾಳಿಗಳಾದರೆ ಒಂದು ನಿಮಿಷ. ಆ ಹಾಡುಗಾರನನ್ನೇ ಎಬ್ಬಿಸಿ ಕಳಿಸಿ, ಸುಮಾರು ನಲವತ್ತು ನಿಮಿಷ ಗಿಟಾರೇ ಮಾತಾಡಲಿ ಎಂದರೆ ಏನಾಗುತ್ತದೆ? ಜೋ ಸಾಟ್ರಿಯಾನಿಯ ಮೊದಲ ಪೂರ್ಣ ಆಲ್ಬಂ ‘ನಾಟ್ ಆಫ್ ದಿಸ್ ಅರ್ತ್’ (1986) ಈ ಪ್ರಶ್ನೆಗೆ ಕೊಟ್ಟ ಉತ್ತರ. ಹತ್ತು ತುಣುಕುಗಳು, ಒಂದೇ ಒಂದು ಸಾಲಿನ ಸಾಹಿತ್ಯವೂ ಇಲ್ಲ.

ಇದನ್ನು ಕನ್ನಡದಲ್ಲಿ ಬರೆಯಲು ನನಗೊಂದು ಕಾರಣವಿದೆ. ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ ನಾವು ನಾಲ್ಕು ಜನ ಕನ್ನಡದವರು ಸೇರಿದರೆ ಸಂಗೀತ ಎಂದರೆ ಹಾಡು, ಹಾಡು ಎಂದರೆ ಮಾತು. ಅಶ್ವತ್ಥ್, ಅನಂತಸ್ವಾಮಿ, ಆಮೇಲೆ ರಾಜ್‌ಕುಮಾರ್. ಊರು ಬಿಟ್ಟವರಿಗೆ ಭಾಷೆಯೇ ಮನೆಯಾಗುವುದು ಸಹಜ, ನಾನು ಅದನ್ನು ಆಕ್ಷೇಪಿಸುತ್ತಿಲ್ಲ. ಆದರೆ ಕವಿ ಇಲ್ಲದ ಸಂಗೀತ ಬಂದ ಕೂಡಲೇ ‘ಹಿನ್ನೆಲೆಗೆ ಚೆನ್ನಾಗಿದೆ’ ಎಂದು ಧ್ವನಿ ತಗ್ಗಿಸಿ ಮಾತಿಗೆ ಕೂರುತ್ತೇವಲ್ಲ, ಅದರ ಬಗ್ಗೆ ನನಗೆ ತಕರಾರಿದೆ. ಜಗತ್ತಿನ ಸಂಗೀತದ ಅರ್ಧ ಪಾಲನ್ನು ನಾವು ಲಿಫ್ಟಿನಲ್ಲಿ ಕೇಳುವ ಸದ್ದಿನ ಜಾಗಕ್ಕೆ ತಳ್ಳಿಬಿಟ್ಟಿದ್ದೇವೆ.

ತಮಾಷೆಯೆಂದರೆ ನಾವು ಈಗ ಬದುಕುತ್ತಿರುವ ಸೀಮೆಗೆ ಈ ವಿಷಯದಲ್ಲಿ ದೊಡ್ಡ ಇತಿಹಾಸವಿದೆ. ವಿಶಾಖಪಟ್ಟಣದಿಂದ ಒಂದೂವರೆ ಗಂಟೆ ದೂರದ ವಿಜಯನಗರಂನ ಸಂಗೀತ ಕಾಲೇಜಿನಲ್ಲಿ ಕಲಿಸುತ್ತಿದ್ದ ದ್ವಾರಂ ವೆಂಕಟಸ್ವಾಮಿ ನಾಯ್ಡು (1893–1964) ಅವರು ಪಿಟೀಲನ್ನು ಹಾಡುಗಾರನ ಪಕ್ಕದಿಂದ ಎಬ್ಬಿಸಿ ವೇದಿಕೆಯ ನಡುವೆ ಕೂರಿಸಿದವರಲ್ಲಿ ಪ್ರಮುಖರು. ಅವರ ನಂತರ ಮ್ಯಾಂಡೊಲಿನ್ ಬಂತು. ಪಾಲಕೊಲ್ಲಿನಲ್ಲಿ 1969ರಲ್ಲಿ ಹುಟ್ಟಿದ ಯು. ಶ್ರೀನಿವಾಸ್ ಮೊದಲ ಕಛೇರಿ ಕೊಟ್ಟದ್ದು 1978ರಲ್ಲಿ, ವಿಜಯವಾಡದ ಪಕ್ಕದ ಗುಡಿವಾಡದಲ್ಲಿ, ತ್ಯಾಗರಾಜ ಆರಾಧನೆಯಂದು. ಹುಡುಗನಿಗೆ ಒಂಬತ್ತು ವರ್ಷ. ಆತನ ಗುರು ರುದ್ರರಾಜು ಸುಬ್ಬರಾಜು ಅವರಿಗೆ ಮ್ಯಾಂಡೊಲಿನ್ ನುಡಿಸಲು ಬರುತ್ತಿರಲಿಲ್ಲ. ಅವರು ಹಾಡುತ್ತಿದ್ದರು, ಹುಡುಗ ಅದನ್ನು ತಂತಿಯ ಮೇಲೆ ಹುಡುಕಿಕೊಳ್ಳುತ್ತಿದ್ದ. ಅಂದರೆ ಬೆರಳಿನ ಪಾಠ ಗಂಟಲಿನಿಂದ ಬಂತು. ಮುಂದೆ ಆತ ನುಡಿಸಿದ್ದು ವಿದ್ಯುತ್ ಮ್ಯಾಂಡೊಲಿನ್. ಎಂಟು ತಂತಿಗಳ ನಾಲ್ಕು ಜೋಡಿಯ ಬದಲು ಐದು ಒಂಟಿ ತಂತಿಗಳು. ಜೋಡಿ ತಂತಿಯನ್ನು ಎಳೆದು ಗಮಕ ತೆಗೆಯುವುದು ಎಷ್ಟು ಕಷ್ಟ ಎಂದು ಒಮ್ಮೆ ಪ್ರಯತ್ನಿಸಿದವರಿಗೂ ಗೊತ್ತಾಗುತ್ತದೆ.

ಸಾಟ್ರಿಯಾನಿಯನ್ನು ನಾನು ಅಳೆಯುವುದು ಈ ಕೋಲಿನಿಂದ. ಬೆರಳು ಎಷ್ಟು ವೇಗವಾಗಿ ಓಡುತ್ತದೆ ಎಂಬುದು ಪ್ರಶ್ನೆಯಲ್ಲ, ಹಿಂದೆ ಒಂದು ಗಂಟಲಿದೆಯೇ ಎಂಬುದು ಪ್ರಶ್ನೆ. ಅವನ ಕಷ್ಟ ಶ್ರೀನಿವಾಸರದಕ್ಕಿಂತ ಒಂದು ಬಗೆಯಲ್ಲಿ ಹೆಚ್ಚಿನದು. ಮ್ಯಾಂಡೊಲಿನ್‌ನಲ್ಲಿ ಕೃತಿ ಕೇಳುವ ತೆಲುಗು ಕೇಳುಗನ ಮನಸ್ಸಿನಲ್ಲಿ ತ್ಯಾಗರಾಜರ ಮಾತು ತಾನಾಗಿ ಓಡುತ್ತಿರುತ್ತದೆ. ನಮ್ಮಂಥವರಿಗೆ ಆ ಮಾತು ಅರ್ಧ ಅರ್ಥವಾದರೂ ಅಲ್ಲೊಂದು ಮಾತಿದೆ ಎಂಬ ಭರವಸೆಯಿರುತ್ತದೆ. ಸಾಟ್ರಿಯಾನಿಯ ಹಿಂದೆ ಅಂಥ ಕೃತಿಯಿಲ್ಲ. ಹಾಡಿಲ್ಲದ ಹಾಡಿಗೆ ಹಾಡುಗಾರನಾಗಬೇಕು.

ಎಲ್ಲ ಕಡೆ ಅವನು ಗೆದ್ದಿಲ್ಲ. ಗೆದ್ದ ಕಡೆ ಪೂರ್ತಿ ಗೆದ್ದಿದ್ದಾನೆ. ಶೀರ್ಷಿಕೆಯ ತುಣುಕನ್ನೇ ತೆಗೆದುಕೊಳ್ಳಿ. ಬಾಸ್ ಗಿಟಾರ್ ಒಂದೇ ಸ್ವರವನ್ನು, ಈ ಎಂಬ ಸ್ವರವನ್ನು, ಎದೆಬಡಿತದ ಹಾಗೆ ಹಿಡಿದಿರುತ್ತದೆ. ಅದರ ಮೇಲೆ ಬರುವ ಸ್ವರಗುಚ್ಛಗಳು ಮಾತ್ರ ಬಣ್ಣ ಬದಲಿಸುತ್ತವೆ. ಇದಕ್ಕೆ ಅವರು ‘ಪಿಚ್ ಆಕ್ಸಿಸ್’ ಎಂದು ದೊಡ್ಡ ಹೆಸರಿಟ್ಟಿದ್ದಾರೆ. ಶಾಲೆಯ ಸಂಗೀತ ಮೇಷ್ಟ್ರು ಬಿಲ್ ವೆಸ್ಟ್‌ಕಾಟ್ ಹೇಳಿಕೊಟ್ಟದ್ದು ಎಂದು ಸಾಟ್ರಿಯಾನಿ ಸ್ಮರಿಸುತ್ತಾನೆ. ತಂಬೂರಿಯ ಮುಂದೆ ಬೆಳೆದವರಿಗೆ ಇದು ತೀರಾ ಹೊಸದಲ್ಲ. ಆಧಾರ ಷಡ್ಜ ಅಲುಗುವುದಿಲ್ಲ. ಮೊದಲು ಕಲ್ಯಾಣಿಯ ಸ್ವರಗಳು, ಮರುಕ್ಷಣ ಅಂತರ ಗಾಂಧಾರ ಇಳಿದು ಸಾಧಾರಣ ಗಾಂಧಾರವಾಗಿ ನಟಭೈರವಿಯ ಸ್ವರಗಳು. ಗಮಕವಿಲ್ಲದ ಸ್ವರಸಾಲು ರಾಗವಲ್ಲ, ನಿಜ. ನಮ್ಮ ಹಿರಿಯರು ಈ ಹೋಲಿಕೆಗೆ ಕಿವಿ ಹಿಂಡಿಯಾರು. ಆದರೂ ಬೆಳಕಿದ್ದ ಕೋಣೆಗೆ ಮೋಡ ಕವಿದಂತಾಗುವ ಆ ತಿರುವನ್ನು ಗುರುತಿಸಲು ನಮಗೆ ಪಾಶ್ಚಾತ್ಯ ಸಿದ್ಧಾಂತದ ಪುಸ್ತಕ ಬೇಕಿಲ್ಲ.

‘ರುಬೀನಾ’ ಆಲ್ಬಂನ ಹೃದಯ. ಹೆಂಡತಿಯ ಹೆಸರಿಟ್ಟ ತುಣುಕು. ರಾಗ ಸರಳ, ಒಮ್ಮೆ ಕೇಳಿ ಗುನುಗಬಹುದು. ಮತ್ತೆ ಬಂದಾಗ ಅದೇ ಸಾಲು ತುಸು ಬೇರೆ ಒತ್ತಿನಲ್ಲಿ ಬರುತ್ತದೆ, ಒಂದೇ ಮಾತನ್ನು ಎರಡನೆಯ ಸಲ ಹೇಳುವಾಗ ನಾವು ಮಾಡುವ ಹಾಗೆ. ಸ್ವರವನ್ನು ಕೆಳಗಿನಿಂದ ಎಳೆದು ಗುರಿಗೆ ಮುಟ್ಟಿಸುವ ಮುನ್ನ ಅರೆಕ್ಷಣ ತಡೆಯುವುದಿದೆ. ಆ ತಡೆಯೇ ಉಸಿರು. ‘ಮೆಮರೀಸ್’ನಲ್ಲೂ ಅದು ಉಂಟು, ಆದರೆ ಅಲ್ಲಿ ನಡುವೆ ಬೆರಳುಗಳಿಗೆ ತಡೆದುಕೊಳ್ಳಲಾಗದೆ ಓಟ ಕಿತ್ತುಬಿಡುತ್ತವೆ. ಆ ಓಟ ನನಗೆ ಇಷ್ಟವೇ. ಬರೀ ಒಂದು ಗಿಟಾರಿನ ಪುಟ್ಟ ‘ಬ್ರದರ್ ಜಾನ್’ ಎರಡರ ನಡುವಿನ ಮೌನದಂತಿದೆ. ‘ಡ್ರೈವಿಂಗ್ ಅಟ್ ನೈಟ್’ ಕೇಳಲು ತುನಿ ದಾಟಿ ರಾಜಮಂಡ್ರಿ ಕಡೆಗೆ ಹೋಗುವ ಹೆದ್ದಾರಿ, ರಾತ್ರಿ ಹನ್ನೊಂದು ಗಂಟೆ ಪ್ರಶಸ್ತ. ವೇಗದ ಮಿತಿಯ ಮೇಲೆ ಮಾತ್ರ ಕಣ್ಣಿರಲಿ.

ಸೋತ ಕಡೆಗಳೂ ಇವೆ. ‘ದಿ ಎನಿಗ್ಮ್ಯಾಟಿಕ್’ ಒಂದು ವಿಚಿತ್ರ ಸ್ವರಸಾಲನ್ನು ಹಿಡಿದು ಹೊರಟ ತುಣುಕು. ಕುತೂಹಲ ಹುಟ್ಟಿಸುತ್ತದೆ, ನೆನಪಿನಲ್ಲಿ ಉಳಿಯುವುದಿಲ್ಲ. ಕೊನೆಯ ‘ದಿ ಹೆಡ್‌ಲೆಸ್ ಹಾರ್ಸ್‌ಮನ್’ನಲ್ಲಿ ಎರಡೂ ಕೈಗಳು ಫ್ರೆಟ್‌ಗಳ ಮೇಲೆ ಬಡಿಯುತ್ತವೆ. ತರಗತಿಯಲ್ಲಿ ಮೇಷ್ಟ್ರು ‘ಹೀಗೂ ಮಾಡಬಹುದು ನೋಡಿ’ ಎಂದು ತೋರಿಸಿದಂತೆ. ಅವನು ನಿಜಕ್ಕೂ ಮೇಷ್ಟ್ರೇ ಆಗಿದ್ದ, ಸ್ಟೀವ್ ವಾಯ್, ಕರ್ಕ್ ಹ್ಯಾಮೆಟ್ ಅಂಥವರಿಗೆ ಕಲಿಸಿದವನು. ಮೇಷ್ಟ್ರ ಈ ಚಾಳಿ ಆಲ್ಬಂನಲ್ಲಿ ಅಲ್ಲಲ್ಲಿ ಇಣುಕುತ್ತದೆ. ಇದಕ್ಕಿಂತ ನನ್ನನ್ನು ಕಾಡುವುದು ತಾಳ. ಯಂತ್ರದ ಡ್ರಮ್‌ನ ಗಡುಸು ಹಲವೆಡೆ ಎದ್ದು ಕಾಣುತ್ತದೆ. ಗಿಟಾರ್ ಉಸಿರಾಡಲು ತುಸು ನಿಂತರೆ ತಾಳ ನಿಲ್ಲುವುದಿಲ್ಲ, ವಾಲುವುದೂ ಇಲ್ಲ. ಮೃದಂಗದವನು ವಾದಕನ ಮುಖ ನೋಡಿ ನುಡಿಸುವುದನ್ನು ಕಂಡವರಿಗೆ ಇದು ಒಬ್ಬಂಟಿ ಮಾತುಕತೆಯಂತೆ ಕೇಳಿಸುತ್ತದೆ.

ಹಾಗಿದ್ದೂ ಈ ಬಡತನಕ್ಕೆ ಮರುಕವೂ ಬರುತ್ತದೆ. ಸಾಟ್ರಿಯಾನಿ ಈ ಆಲ್ಬಂ ಮಾಡಿದ್ದು ಕ್ರೆಡಿಟ್ ಕಾರ್ಡಿನ ಸಾಲದಲ್ಲಿ. ಎರಡು ವರ್ಷ ಮುಂಚೆ ಎಲ್ಲ ಸದ್ದನ್ನೂ ಗಿಟಾರಿನಿಂದಲೇ ಹೊರಡಿಸಿದ ಪುಟ್ಟ ರೆಕಾರ್ಡೊಂದನ್ನು ತಾನೇ ಹೊರತಂದಿದ್ದ. ಹಾಡುಗಾರನಿಲ್ಲದ ರಾಕ್ ಸರಕಿಗೆ ಬಜೆಟ್ ಮಂಜೂರು ಮಾಡುವವರು ಯಾರು? ನನ್ನ ವೃತ್ತಿಯಲ್ಲಿ ಇಂಥ ಪ್ರಸ್ತಾಪವನ್ನು ಮೊದಲ ಮೀಟಿಂಗಿನಲ್ಲೇ ಬದಿಗಿಡುತ್ತಾರೆ. ಕೊನೆಗೆ ರಿಲೇಟಿವಿಟಿ ಕಂಪನಿಗೆ ಇದನ್ನು ತಲುಪಿಸಲು ನೆರವಾದವನು ಶಿಷ್ಯ ವಾಯ್.

ಮೊದಲ ಸಲ ಕೇಳುವವರು ‘ರುಬೀನಾ’ದಿಂದ ಶುರುಮಾಡಿ, ಆಮೇಲೆ ಶೀರ್ಷಿಕೆಯ ತುಣುಕಿಗೆ ಬನ್ನಿ, ‘ಹಾರ್ಸ್‌ಮನ್’ ಬಿಟ್ಟರೂ ನಷ್ಟವಿಲ್ಲ. ಇಯರ್‌ಫೋನ್ ಹಾಕಿಕೊಂಡು ಮೇಲ್ ನೋಡುತ್ತ ಕೇಳಬೇಡಿ. ಅದೇ ದಿನ ಶ್ರೀನಿವಾಸರ ಒಂದು ಆಲಾಪನೆಯನ್ನೂ ಕೇಳಿದರೆ ಒಳ್ಳೆಯದು, ಯಾರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂದಷ್ಟೇ ಗಮನಿಸಿ.

ಮುಂದಿನ ವರ್ಷ, 1987ರಲ್ಲಿ, ‘ಸರ್ಫಿಂಗ್ ವಿತ್ ದಿ ಏಲಿಯನ್’ ಬಂದು ಅವನ ಹೆಸರು ಮನೆಮಾತಾಯಿತು. ಅದಕ್ಕೆ ಮುನ್ನ, ಕಾರ್ಡಿನ ಸಾಲ ತೀರಿಸಲು, ಗ್ರೆಗ್ ಕಿನ್ ಎಂಬ ಹಾಡುಗಾರನ ಬ್ಯಾಂಡಿಗೆ ಸೇರಿ ಮತ್ತೆ ಪಕ್ಕದಲ್ಲಿ ನಿಂತು ನುಡಿಸಿದ.