ನಿಯೋಗ ಬಂದು ಹೋಯಿತು, ಕಾಫಿ ಮಾರಾಟವಾಯಿತೇ?

ವಾಣಿಜ್ಯ ನಿಯೋಗ ಒಂದು ಔಷಧವಾಗಿದ್ದರೆ ಅದಕ್ಕೆ ಪರವಾನಗಿ ಸಿಗುತ್ತಿತ್ತೇ? ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಔಷಧ ಕಂಪನಿಗಳ ಹೊಗಳಿಕೆಯನ್ನು ಅನುಮಾನದಿಂದಲೇ ಓದಿದ ನನ್ನಂಥವನಿಗೆ ಈ ಪ್ರಶ್ನೆ ಹುಟ್ಟುವುದು ಸಹಜ. ಕೆನಡಾದಲ್ಲಿ ಇದಕ್ಕೆ ಉತ್ತರ ಹುಡುಕಿದವರೂ ಇದ್ದಾರೆ. 1994ರಲ್ಲಿ ಪ್ರಧಾನಿ ಜಾನ್ ಕ್ರೆತಿಯೆನ್ ಚೀನಾಕ್ಕೆ ಮೊದಲ 'ಟೀಮ್ ಕೆನಡಾ' ನಿಯೋಗವನ್ನು ಕರೆದೊಯ್ದರು. 1996ರ ಜನವರಿಯಲ್ಲಿ ಭಾರತಕ್ಕೂ ಬಂದರು. ಜೊತೆಗೆ ಪ್ರಾಂತಗಳ ಪ್ರೀಮಿಯರ್‌ಗಳು, ಉದ್ಯಮಿಗಳ ದೊಡ್ಡ ದಂಡು, ಕೋಟಿಗಟ್ಟಲೆ ಡಾಲರ್ ಒಪ್ಪಂದಗಳ ಘೋಷಣೆ. ಇಂಥ ನಿಯೋಗಗಳ ಫಲವನ್ನು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕೀತ್ ಹೆಡ್ ಮತ್ತು ಜಾನ್ ರೀಸ್ ಅಳೆದು ನೋಡಿ 2010ರಲ್ಲಿ ಪ್ರಕಟಿಸಿದರು. ನಿಯೋಗ ಹೋದ ದೇಶಗಳೊಡನೆ ಕೆನಡಾದ ವ್ಯಾಪಾರ ಮೊದಲಿನಿಂದಲೂ ಚೆನ್ನಾಗಿಯೇ ಇತ್ತು. ಆ ಅಂಶವನ್ನು ಲೆಕ್ಕಕ್ಕೆ ಹಿಡಿದರೆ ನಿಯೋಗದಿಂದಾದ ಹೆಚ್ಚಳ ಕಾಣಲಿಲ್ಲ. ಗಟ್ಟಿಮುಟ್ಟಾದವರನ್ನೇ ಆರಿಸಿ ಟಾನಿಕ್ ಕುಡಿಸಿ, ಅವರು ಓಡಾಡಿದ್ದಕ್ಕೆ ಟಾನಿಕ್ಕೇ ಕಾರಣ ಎಂದ ಹಾಗೆ.

ಹಾಗೆಂದು ಯಾರೂ ಎಲ್ಲಿಗೂ ಹೋಗಬಾರದು ಎಂದು ನಾನು ಹೇಳುತ್ತಿಲ್ಲ. ಎಲ್ಲ ಕಾಯಿಲೆಗೂ ಒಂದೇ ಮಾತ್ರೆ ಕೊಡುವ ಪದ್ಧತಿಯ ಬಗ್ಗೆ ನನ್ನ ತಕರಾರು. ಕೆಲವು ವರ್ಷಗಳ ಹಿಂದೆ ಮಿಸ್ಸಿಸ್ಸಾಗಾದ ಸಭಾಂಗಣವೊಂದರಲ್ಲಿ ನಮ್ಮ ನಾಡಿನಿಂದ ಬಂದ ಅಂಥದೊಂದು ನಿಯೋಗವನ್ನು ನೋಡಿದೆ. ರೇಷ್ಮೆ, ಗ್ರಾನೈಟ್, ಸಾಫ್ಟ್‌ವೇರ್, ಕಾಫಿ ಎಲ್ಲವೂ ಒಂದೇ ಬ್ಯಾನರಿನಡಿ. ಶಾಲು, ಹಾರ, ಫೋಟೊ, ಬಿಸಿಬೇಳೆಬಾತ್. ಕಾಫಿ ಬೆಳೆಗಾರರೊಬ್ಬರು ತಮ್ಮ ತೋಟದ ಪೊಟ್ಟಣ ಹಿಡಿದು ಮೂಲೆಯಲ್ಲಿ ನಿಂತಿದ್ದರು. ಅವರ ಸುತ್ತ ಇದ್ದವರು ನಾವೇ, ಅಂದರೆ ಚಿಕೋರಿ ಬೆರೆಸಿದ ಫಿಲ್ಟರ್ ಪುಡಿಯನ್ನು ವರ್ಷಕ್ಕೆ ಹತ್ತು ಹನ್ನೆರಡು ಕಿಲೊ ಕೊಳ್ಳುವ ಜನ. ಹುರಿಯದ ಬೀಜವನ್ನು ಮೂಟೆಗಟ್ಟಲೆ ಕೊಳ್ಳುವ ಆಮದುದಾರ ಒಬ್ಬನೂ ಆ ಕೋಣೆಯಲ್ಲಿರಲಿಲ್ಲ. ನಮ್ಮ ಅಭಿಮಾನವನ್ನೇ ಮಾರುಕಟ್ಟೆ ಎಂದುಕೊಂಡು ಆತ ಊರಿಗೆ ಮರಳಿದರೇನೋ.

ಈ ಅಭ್ಯಾಸಕ್ಕೆ ಚರಿತ್ರೆಯೂ ಇದೆ. 1942ರ ಕಾಫಿ ಕಾಯ್ದೆಯ ಕಾಲದಿಂದ 1990ರ ದಶಕದವರೆಗೆ ಬೆಳೆಗಾರ ತನ್ನ ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸುತ್ತಿದ್ದ; ಮಾರುವುದು ಮಂಡಳಿಯ ಕೆಲಸ. ಸೋವಿಯತ್ ಒಕ್ಕೂಟ ದೊಡ್ಡ ಗಿರಾಕಿ, ಸರ್ಕಾರಕ್ಕೂ ಸರ್ಕಾರಕ್ಕೂ ಮಾತುಕತೆ. ಕೊಳ್ಳುವವನ ಮುಖವನ್ನೇ ನೋಡದೆ ಎರಡು ತಲೆಮಾರು ಕಳೆಯಿತು. ಪೂಲ್ ಹೋಯಿತು, ಸೋವಿಯತ್ ಒಕ್ಕೂಟವೂ ಹೋಯಿತು. ಮಂತ್ರಿಗಳು ಮುಂದೆ ನಡೆದರೆ ವ್ಯಾಪಾರ ಹಿಂದೆ ಬರುತ್ತದೆ ಎಂಬ ನಂಬಿಕೆ ಮಾತ್ರ ಉಳಿದಿದೆ.

ಕಾಫಿಯೊಂದನ್ನೇ ಹಿಡಿದು ಟೊರಾಂಟೊಗೆ ಬರುವುದಾದರೆ ಮೊದಲ ಪ್ರಶ್ನೆ, ಯಾವ ಕಾಫಿ? ಭಾರತದ ಬೆಳೆಯಲ್ಲಿ ಸುಮಾರು ಶೇ 70 ಕರ್ನಾಟಕದ್ದು. ದೇಶದ ಒಟ್ಟು ಬೆಳೆಯಲ್ಲಿ ರೊಬಸ್ಟಾ ಪಾಲೇ ದೊಡ್ಡದು. ನಮ್ಮ ದೊಡ್ಡ ಗಿರಾಕಿ ಇಟಲಿ, ಏಕೆಂದರೆ ಎಸ್ಪ್ರೆಸ್ಸೊ ಮಿಶ್ರಣಕ್ಕೆ ರೊಬಸ್ಟಾ ಬೇಕು. ಇಲ್ಲಿಯ ಕಥೆ ಬೇರೆ. 1964ರಲ್ಲಿ ಹ್ಯಾಮಿಲ್ಟನ್‌ನಲ್ಲಿ ಹುಟ್ಟಿದ ಟಿಮ್ ಹಾರ್ಟನ್ಸ್ ತನ್ನ ಕಾಫಿ ನೂರಕ್ಕೆ ನೂರು ಅರೇಬಿಕಾ ಎಂದೇ ಹೇಳಿಕೊಳ್ಳುತ್ತದೆ. ಅದರ ಬಾಗಿಲಿಗೆ ರೊಬಸ್ಟಾ ಹೊತ್ತು ಹೋಗುವುದು ಬೋಳನಿಗೆ ಬಾಚಣಿಗೆ ಮಾರಿದಂತೆ. ಹಾಗೆಂದು ಹುರಿದು ಪೊಟ್ಟಣ ಕಟ್ಟಿ ತಂದರೆ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಲೇಬಲ್ ಬೇಕು. ಜೊತೆಗೆ ಹುರಿದ ಕಾಫಿಯ ಘಮ ಹಡಗಿನಲ್ಲೇ ಅರ್ಧ ಹೋಗಿರುತ್ತದೆ. ಇಲ್ಲಿ ಜಾಗವಿರುವುದು ಟೊರಾಂಟೊ, ಹ್ಯಾಮಿಲ್ಟನ್‌ಗಳ ಸಣ್ಣ ರೋಸ್ಟರ್‌ಗಳ ಬಳಿ. ಅವರು ತೋಟದ ಹೆಸರು, ಎತ್ತರ, ಸಂಸ್ಕರಣೆಯ ವಿಧಾನ ಕೇಳುತ್ತಾರೆ. ರುಚಿ ಪರೀಕ್ಷೆಯಲ್ಲಿ 100ಕ್ಕೆ 80 ಅಂಕವಾದರೂ ಬಂದಿರಬೇಕು ಎನ್ನುತ್ತಾರೆ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳು, ಮರದ ನೆರಳಲ್ಲಿ ಮೆಣಸಿನ ಬಳ್ಳಿಯ ಜೊತೆ ಬೆಳೆದ ಕಾಫಿ, ಅವರಿಗೆ ಹೇಳಬಹುದಾದ ನಿಜವಾದ ಕಥೆ.

ತೊಡಕಿರುವುದು ಪ್ರಮಾಣದಲ್ಲಿ. ರೋಸ್ಟರ್ ಕೊಳ್ಳುವುದು ಕೆಲವೇ ಮೂಟೆ, ಕಂಟೇನರ್ ಹಿಡಿಸುವುದು ಸುಮಾರು ಹದಿನೆಂಟು ಟನ್. ನಮ್ಮ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಆದ್ದರಿಂದ ನಿಯೋಗ ಮೊದಲು ಭೇಟಿಯಾಗಬೇಕಾದವನು ಉಗ್ರಾಣವಿಟ್ಟುಕೊಂಡು ಹಲವರಿಗೆ ಹಂಚುವ ಆಮದುದಾರ. ನಿಯೋಗದಲ್ಲಿ ಕ್ಯೂರಿಂಗ್ ವರ್ಕ್ಸ್‌ನವರೊಬ್ಬರು, ರುಚಿ ನೋಡಿ ಅಂಕ ಕೊಡಬಲ್ಲವರೊಬ್ಬರು, ನಾಲ್ಕಾರು ತೋಟಗಳ ಪರವಾಗಿ ದರ ಹೇಳಬಲ್ಲವರೊಬ್ಬರು ಇದ್ದರೆ ಸಾಕು.

ಕಾಲವೂ ಮುಖ್ಯ. ನವೆಂಬರಿನಿಂದ ಫೆಬ್ರವರಿಯವರೆಗೆ ಅರೇಬಿಕಾ ಕೊಯ್ಲು. ಆಗ ಬನ್ನಿ ಎಂದರೆ ಬರುವವರು ಅಧಿಕಾರಿಗಳು ಮಾತ್ರ. ಹೊಸ ಬೆಳೆಯ ಮಾದರಿ ಸಿದ್ಧವಾಗುವುದು ಕೊಯ್ಲು ಮುಗಿದ ಮೇಲೆ. ಅಮೆರಿಕದ ಸ್ಪೆಷಾಲಿಟಿ ಕಾಫಿ ಮೇಳ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ. 2024ರಲ್ಲಿ ಅದು ಷಿಕಾಗೊದಲ್ಲೇ ನಡೆಯಿತು, ಇಲ್ಲಿಂದ ಒಂದು ದಿನದ ಕಾರಿನ ದಾರಿ. (ಹೂಮಳೆಗಾಗಿ ಆಕಾಶ ನೋಡುತ್ತ ಕೂರುವ ಹೊತ್ತು ಅದು ಎಂದು ಬೆಳೆಗಾರರು ಗೊಣಗುತ್ತಾರೆ, ನಿಜ. ಮಗಳನ್ನೋ ಮಗನನ್ನೋ ಕಳಿಸಲಿ.) ಬರುವ ವಾರಗಳ ಮುಂಚೆಯೇ ಮಾದರಿ ಕಳಿಸಿ, ಹುರಿದು ಕುಡಿದು ಉತ್ತರ ಬರೆದವರನ್ನಷ್ಟೇ ಕಾಣಬೇಕು.

ಮಾದರಿಯ ಮೇಲೆ ಇಷ್ಟು ಒತ್ತು ಏಕೆಂದರೆ, 2023ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಏಷ್ಯಾದಲ್ಲೇ ಮೊದಲ ಬಾರಿಗೆ ವಿಶ್ವ ಕಾಫಿ ಸಮ್ಮೇಳನ ಬೆಂಗಳೂರಿನಲ್ಲಿ 25ರಿಂದ 28ರವರೆಗೆ ನಡೆಯಿತು. ಅದೇ ತಿಂಗಳು ಕೆನಡಾ ಅಕ್ಟೋಬರಿನ ತನ್ನ ಭಾರತ ನಿಯೋಗವನ್ನು ಮುಂದೂಡಿತು. 21ರಂದು ಭಾರತ ಕೆನಡಿಯನ್ನರಿಗೆ ವೀಸಾ ನಿಲ್ಲಿಸಿತು. ಕಾಲು ಕಿಲೊ ಬೀಜದ ಪೊಟ್ಟಣಕ್ಕೆ ವೀಸಾ ಬೇಡ.

ಕೊನೆಗೆ ಅಳತೆಯ ಮಾತು. ಸಹಿಯಾದ ಒಡಂಬಡಿಕೆಗಳನ್ನು ಎಣಿಸುವುದು ನಮ್ಮಲ್ಲಿ ವಾಡಿಕೆ. ಹೃದಯಾಘಾತವಾದವರಿಗೆ ಎದೆಬಡಿತದ ಏರುಪೇರು ತಗ್ಗಿಸುವ ಔಷಧ ಕೊಡುತ್ತಿದ್ದೆವು, ಇಸಿಜಿ ಸೊಗಸಾಗುತ್ತಿತ್ತು. 1989ರಲ್ಲಿ ಕ್ಯಾಸ್ಟ್ ಪರೀಕ್ಷೆ ತೋರಿಸಿತು, ಅವುಗಳಲ್ಲಿ ಎರಡನ್ನು ತೆಗೆದುಕೊಂಡವರಲ್ಲೇ ಸಾವು ಹೆಚ್ಚು. ಒಡಂಬಡಿಕೆ ಇಸಿಜಿಯಂತೆ. ನೋಡಬೇಕಾದದ್ದು ಎರಡನೆಯ ಆರ್ಡರ್: ಒಮ್ಮೆ ಕೊಂಡ ರೋಸ್ಟರ್ ಮುಂದಿನ ವರ್ಷ ತಾನಾಗಿ ಮತ್ತೆ ಕೇಳಿದನೇ ಎಂಬುದು.

ನಮ್ಮ ಸಂಘ ಮಾಡಬಹುದಾದ ಕೆಲಸ ಚಿಕ್ಕದು. ಯಾವ ರೋಸ್ಟರ್ ಯಾವ ಆಮದುದಾರನಿಂದ ಕೊಳ್ಳುತ್ತಾನೆ ಎಂಬ ಪಟ್ಟಿಯನ್ನು ನಮ್ಮ ಯುವಕರು ಒಂದು ಬೇಸಿಗೆಯಲ್ಲಿ ಮಾಡಬಲ್ಲರು. ಬಂದವರನ್ನು ಅಲ್ಲಿಗೆ ಕಾರಿನಲ್ಲಿ ಕರೆದೊಯ್ಯಲು ನಿವೃತ್ತರು ನಾವಿದ್ದೇವೆ. ಬಿಸಿಬೇಳೆಬಾತ್ ಕೊನೆಯ ದಿನಕ್ಕಿರಲಿ.