ನುಣ್ಣಗಿದ್ದರೆ ಒಳ್ಳೆಯ ಮರಳೇ?

ಪ್ಲಾಸ್ಟರಿಂಗ್ ಶುರುವಾಗುವ ದಿನ ಮನೆ ಕಟ್ಟಿಸುವವರು ಒಂದು ಹಿಡಿ ಮರಳು ಎತ್ತಿ ಬೆರಳಲ್ಲಿ ತಿಕ್ಕಿ ನೋಡುವುದುಂಟು. ನುಣ್ಣಗಿದ್ದರೆ ಸಮಾಧಾನ. ಕೊಂಚ ತರಿಯಿದ್ದರೆ ಮೇಸ್ತ್ರಿಗೆ ತಾಕೀತು: 'ಇನ್ನೂ ಸಣ್ಣ ಜರಡಿ ಹಿಡೀರಿ.' ನಾನೂ ಹಾಗೆ ಹೇಳಿದವನೇ. ಆರು ತಿಂಗಳಿಗೆ ನಮ್ಮ ಮಹಡಿ ಕೋಣೆಯ ಗೋಡೆ ತುಂಬ ಕೂದಲೆಳೆಯಂಥ ಬಿರುಕುಗಳು. ನಾವು ಬೈದದ್ದು ಸಿಮೆಂಟನ್ನು.

ಬಿರುಕು ಬಿಡಿಸಿದ್ದು ನನ್ನ ಜರಡಿ. ಡಬ್ಬಿಗೆ ಕಡಲೆ ತುಂಬಿ ಅಲುಗಿಸಿದ ಮೇಲೂ ಸಂದಿಗಳಲ್ಲಿ ಒಂದಷ್ಟು ರಾಗಿ ಇಳಿಯುತ್ತದಲ್ಲ, ಮರಳೂ ಹಾಗೆಯೇ. ದಪ್ಪ ಕಾಳಿನ ಸಂದಿಗೆ ನಡುವಿನದು, ಅದರ ಸಂದಿಗೆ ಸಣ್ಣದು ಕೂತರೆ ಸಿಮೆಂಟಿಗೆ ತುಂಬಲು ಉಳಿಯುವ ಜಾಗ ಕಡಿಮೆ. ತರಿಯನ್ನೆಲ್ಲ ಜರಡಿ ಹಿಡಿದು ಎಸೆದರೆ ಉಳಿಯುವುದು ಒಂದೇ ಅಳತೆಯ ಸಣ್ಣ ಕಾಳು. ಅದಕ್ಕೆ ಸಂದಿಯೂ ಹೆಚ್ಚು, ಒಟ್ಟು ಮೈಯೂ ಹೆಚ್ಚು. ಗಾರೆ ಹದಕ್ಕೆ ಬರಲು ನೀರು ಹೆಚ್ಚು ಕುಡಿಯುತ್ತದೆ. ಆ ನೀರು ಆರುವಾಗ ಗಾರೆ ಕುಗ್ಗಿ ಸೀಳುತ್ತದೆ.

ಪ್ಲಾಸ್ಟರಿಂಗ್ ಮರಳಿಗೆಂದೇ ಇರುವ ಭಾರತೀಯ ಮಾನಕ ಐಎಸ್ 1542 ಸಣ್ಣ ಮರಳನ್ನೇ ಕೇಳುತ್ತದೆ, ನಿಜ. 600 ಮೈಕ್ರಾನ್ ಜರಡಿಯಲ್ಲಿ ನೂರಕ್ಕೆ 80 ಪಾಲಾದರೂ ಇಳಿಯಬೇಕು. ಆದರೆ 300ರಲ್ಲಿ 65ಕ್ಕಿಂತ, 150ರಲ್ಲಿ 15ಕ್ಕಿಂತ ಹೆಚ್ಚು ಇಳಿಯುವಂತಿಲ್ಲ. ಅಂದರೆ ನೂರರಲ್ಲಿ 35 ಪಾಲು 300ರ ಮೇಲೆ ನಿಲ್ಲಲೇಬೇಕು. ಬೆರಳಿಗೆ ಹಿತವಾಗುವ ಮರಳಿನಲ್ಲಿ ಆ ಪಾಲು ಇದೆಯೋ ಇಲ್ಲವೋ ಬೆರಳಿಗೆ ಗೊತ್ತಾಗದು.

ಇನ್ನು ಕೆಲವರು 'ಮೆಶ್' ಲೆಕ್ಕದಲ್ಲಿ ಮಾತಾಡಿ ತಾವು ನಿಖರ ಎಂದುಕೊಳ್ಳುತ್ತಾರೆ. ಮೆಶ್ ಎಂದರೆ ಒಂದು ಅಂಗುಲದಲ್ಲಿ ಎಷ್ಟು ಕಣ್ಣು ಎಂಬ ಎಣಿಕೆ. ಅಂಕಿ ಏರಿದಷ್ಟೂ ಕಣ್ಣು ಕಿರಿದು. 25.4 ಮಿ.ಮೀ. ಅಂಗುಲವನ್ನು 30ರಿಂದ ಭಾಗಿಸಿದರೆ ಸುಮಾರು 850 ಮೈಕ್ರಾನ್ ಬರುತ್ತದೆ. ಅಮೆರಿಕದ ಅಳತೆಯಲ್ಲಿ 30ನೇ ನಂಬರ್ ಜರಡಿಯ ಕಣ್ಣು ಮಾತ್ರ 600. ಉಳಿದದ್ದನ್ನು ತಂತಿಯೇ ನುಂಗಿತು. ಹಳೆಯ ಬ್ರಿಟಿಷ್ ಎಣಿಕೆಯಲ್ಲಿ ಅದೇ 600ರ ಕಣ್ಣಿಗೆ 25ನೇ ನಂಬರ್. ಹಾಗಾಗಿ ಕೇಳುವುದಾದರೆ ಮೈಕ್ರಾನಿನಲ್ಲಿ ಕೇಳಬೇಕು. ಆಗಲೂ ತಿಳಿಯುವುದು ಅತಿ ದಪ್ಪ ಕಾಳು ಎಷ್ಟೆಂದು ಮಾತ್ರ. ಅದರ ಕೆಳಗೆ ಏನೇನು ಎಷ್ಟೆಷ್ಟು ಬೆರೆತಿದೆ ಎಂಬುದಲ್ಲ.

'ಜೋನ್' ಹೆಸರಿಗೂ ಇದೇ ಗತಿ. ಕಾಂಕ್ರೀಟ್ ಮರಳಿನ ಐಎಸ್ 383ರಲ್ಲಿ ನಾಲ್ಕು ಜೋನ್‌ಗಳಿವೆ. 600 ಮೈಕ್ರಾನಿನಲ್ಲಿ ಇಳಿಯುವ ಪಾಲು ಮೊದಲನೆಯದರಲ್ಲಿ 15ರಿಂದ 34, ಎರಡನೆಯದರಲ್ಲಿ 35ರಿಂದ 59, ಮೂರನೆಯದರಲ್ಲಿ 60ರಿಂದ 79, ಕೊನೆಯದರಲ್ಲಿ 80ರಿಂದ 100. ಇದು ತರಿಯಿಂದ ನುಣುಪಿನ ಕಡೆಗೆ ಹೋಗುವ ಸಾಲೇ ಹೊರತು ಪರೀಕ್ಷೆಯ ರ‍್ಯಾಂಕ್ ಅಲ್ಲ. ಎಲ್ಲಕ್ಕಿಂತ ನುಣುಪಾದ ನಾಲ್ಕನೆಯದನ್ನು ಪರೀಕ್ಷೆ ಮಾಡದೆ ಆರ್‌ಸಿಸಿಗೆ ಹಾಕಬೇಡಿ ಎಂದು ಆ ಮಾನಕವೇ ಹೇಳುತ್ತದೆ.

ಎಂ-ಸ್ಯಾಂಡೋ ಹೊಳೆ ಮರಳೋ ಎಂಬ ಜಗಳ ಇದಾದ ಮೇಲಿನದು. ಲೋಡಿನ ಜೊತೆ ಬರುವ ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು ಟನ್ ಲೆಕ್ಕ. ನಾನೀಗ ಕೇಳುವುದು ಇನ್ನೊಂದು ಹಾಳೆ: 4.75 ಮಿ.ಮೀ.ನಿಂದ 150 ಮೈಕ್ರಾನ್‌ವರೆಗೆ ಆರು ಜರಡಿ, ಒಂದೊಂದರಲ್ಲೂ ಎಷ್ಟು ಇಳಿಯಿತು.